ಹಳೆಯ ಸೇನಾ ಲಾರಿಯ ಶಕ್ತಿವರ್ಧನೆ: ಲಾಭವೆಷ್ಟು, ಅಪಾಯವೆಷ್ಟು?

ಸೇನೆಯ ಸೇವೆಯಿಂದ ಬಿಡುಗಡೆಗೊಂಡು ಹರಾಜಿಗೆ ಬರುವ ಡೀಸೆಲ್ ಲಾರಿಗಳಿಗೆ ಅನೇಕ ದೇಶಗಳಲ್ಲಿ ಖರೀದಿದಾರರಿದ್ದಾರೆ. ದೃಢವಾದ ಚಾಸಿಸ್, ಎಲ್ಲ ಚಕ್ರಗಳಿಗೂ ದೊರೆಯುವ ಎಳೆತ, ಸಾಮಾನ್ಯ ಮೆಕ್ಯಾನಿಕ್ ಕೂಡ ಅರಿಯಬಲ್ಲ ಸರಳ ರಚನೆ ಹಾಗೂ ಹೊಸ ವಾಹನಕ್ಕೆ ಹೋಲಿಸಿದರೆ ಕಡಿಮೆ ಬೆಲೆ ಇದಕ್ಕೆ ಕಾರಣ. ಗಣಿ, ಕ್ವಾರಿ, ತೋಟ, ಮರದ ಡಿಪೋಗಳಲ್ಲಿ ಇಂಥ ವಾಹನ ವರ್ಷಗಟ್ಟಲೆ ದುಡಿಯಬಲ್ಲದು. ಆದರೆ ಕೊಂಡವರ ಮೊದಲ ದೂರು ಸಾಮಾನ್ಯವಾಗಿ ಒಂದೇ: ಏರಿನಲ್ಲಿ ಲಾರಿ ಎಳೆಯುವುದಿಲ್ಲ. ಅದಕ್ಕೆ ದೊರೆಯುವ ಮೊದಲ ಸಲಹೆಯೂ ಒಂದೇ: ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿ, ಡೀಸೆಲ್ ಹೆಚ್ಚಿಸಿ. ಈ ಸಲಹೆ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಯದವರು ಅದರ ಬೆಲೆಯನ್ನು ಎಂಜಿನ್ನಿನ ರೂಪದಲ್ಲಿ ತೆರಬೇಕಾಗುತ್ತದೆ.

ಒಂದು ನಿದರ್ಶನ

ಈ ವಿಷಯವನ್ನು ಅರಿಯಲು ಅಮೆರಿಕದ ಸೇನೆಯ ಎಂ-35 ಎ2 ಲಾರಿ ಉತ್ತಮ ನಿದರ್ಶನ. 1950ರ ಸುಮಾರಿಗೆ ಆರಂಭವಾದ ಈ ಎರಡೂವರೆ ಟನ್ ಮಾದರಿಯ ಲಾರಿಗಳು ದಶಕಗಳ ಕಾಲ ಸೇವೆ ಸಲ್ಲಿಸಿ, ನಂತರ ದೊಡ್ಡ ಸಂಖ್ಯೆಯಲ್ಲಿ ಖಾಸಗಿಯವರ ಕೈ ಸೇರಿದವು. ಎ2 ಮಾದರಿಯ ಎಲ್‌ಡಿಟಿ-465-1ಸಿ ಎಂಜಿನ್ ಆರು ಸಿಲಿಂಡರುಗಳದು, ಗಾತ್ರ 7.8 ಲೀಟರ್, ಶಕ್ತಿ 2,600 ಆರ್‌ಪಿಎಂನಲ್ಲಿ ಸುಮಾರು 134 ಅಶ್ವಶಕ್ತಿ. ಖಾಲಿ ಲಾರಿಯ ತೂಕವೇ ಸುಮಾರು 5.9 ಟನ್. ಇಷ್ಟು ದೊಡ್ಡ ಎಂಜಿನ್ನಿನಿಂದ ಇಷ್ಟು ಕಡಿಮೆ ಶಕ್ತಿ ಏಕೆ ಎಂಬ ಪ್ರಶ್ನೆ ಸಹಜ.

ಉತ್ತರ ಸೇನೆಯ ಅಗತ್ಯದಲ್ಲಿದೆ. ಇದು ಬಹು ಇಂಧನ ಎಂಜಿನ್. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಅನಿವಾರ್ಯವಾದರೆ ಪೆಟ್ರೋಲ್ ಮಿಶ್ರಣದಿಂದಲೂ ಅದು ಓಡಬೇಕಿತ್ತು. ಇಂಧನವನ್ನು ಪಿಸ್ಟನ್ನಿನ ತಲೆಯಲ್ಲಿರುವ ಗೋಳಾಕಾರದ ಕುಳಿಯ ಗೋಡೆಗೆ ಸಿಂಪಡಿಸಿ ಕ್ರಮೇಣ ಆವಿಯಾಗಿಸುವ ಈ ದಹನ ವಿಧಾನವನ್ನು ರೂಪಿಸಿದ್ದು ಜರ್ಮನಿಯ ಎಂಎಎನ್ ಸಂಸ್ಥೆ. ಭಾರತಕ್ಕೂ ಈ ಸಂಸ್ಥೆ ಅಪರಿಚಿತವಲ್ಲ. ಅದರ ಪರವಾನಗಿಯಡಿ 1959ರಿಂದ ಜಬಲ್‌ಪುರದಲ್ಲಿ ತಯಾರಾದ ಲಾರಿಯೇ ನಮ್ಮ ಸೇನೆಯ ‘ಶಕ್ತಿಮಾನ್’. ಕಳಪೆ ಇಂಧನ, ಅನುಭವವಿಲ್ಲದ ಚಾಲಕ, ತಡವಾದ ಸರ್ವಿಸ್ ಇವೆಲ್ಲವನ್ನೂ ಸಹಿಸಿ ಎಂಜಿನ್ ಬದುಕುಳಿಯಬೇಕೆಂಬ ಕಾರಣಕ್ಕೆ ಸೇನೆಗಳು ಶಕ್ತಿಯ ಮಿತಿಯನ್ನು ತಗ್ಗಿಸಿ ಇಡುತ್ತವೆ. ಇದೇ 465 ವರ್ಗದ ಎಂಜಿನ್ನಿಗೆ ದೊಡ್ಡ ಟರ್ಬೊ ಮತ್ತು ಹೆಚ್ಚಿನ ಇಂಧನ ನೀಡಿ ಐದು ಟನ್ ಲಾರಿಗಳಲ್ಲಿ ಅಳವಡಿಸಿದಾಗ ಅದರ ಶಕ್ತಿ 175ರಿಂದ 180 ಅಶ್ವಶಕ್ತಿಯಷ್ಟಿತ್ತು ಎಂಬುದು ಗಮನಾರ್ಹ. ಅಂದರೆ ಮೀಸಲು ಶಕ್ತಿ ಇದೆ. ಆದರೆ ಅದು ಪುಕ್ಕಟೆಯಲ್ಲ.

ಶಕ್ತಿಯ ಮೂಲ

ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಅದು ಪೂರ್ಣವಾಗಿ ಸುಡಬಲ್ಲ ಇಂಧನದ ಪ್ರಮಾಣ. ಒಂದು ಕಿಲೋ ಡೀಸೆಲ್ ಸುಡಲು ಸಿದ್ಧಾಂತದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಬೇಕು. ಸಿಲಿಂಡರಿನೊಳಗೆ ಇಂಧನ ಮತ್ತು ಗಾಳಿ ಸಂಪೂರ್ಣವಾಗಿ ಬೆರೆಯದ ಕಾರಣ ವ್ಯವಹಾರದಲ್ಲಿ 20 ಕಿಲೋ ಅಥವಾ ಅದಕ್ಕೂ ಹೆಚ್ಚು ಗಾಳಿಯಿದ್ದರೆ ಮಾತ್ರ ಹೊಗೆಯಿಲ್ಲದ ದಹನ ಸಾಧ್ಯ. ಗಾಳಿ ಹೆಚ್ಚದೆ ಇಂಧನ ಮಾತ್ರ ಹೆಚ್ಚಿದರೆ ಸ್ವಲ್ಪ ದೂರದವರೆಗೆ ಶಕ್ತಿ ಏರುತ್ತದೆ; ಅನಂತರ ಏರುವುದು ಕಪ್ಪು ಹೊಗೆ, ಉಷ್ಣತೆ ಮತ್ತು ಡೀಸೆಲ್ ಬಿಲ್ಲು ಮಾತ್ರ. ಸೈಲೆನ್ಸರಿನಿಂದ ಹೊರಡುವ ಕಪ್ಪು ಹೊಗೆಯನ್ನು ಶಕ್ತಿಯ ಲಕ್ಷಣವೆಂದು ಬಗೆಯುವ ರೂಢಿ ತಪ್ಪು. ಅದು ಹಣ ಕೊಟ್ಟು ಕೊಂಡು, ಸುಡದೆ ಹೊರಚೆಲ್ಲಿದ ಇಂಧನ.

ಮೊದಲು ಕಳೆದುಹೋದ ಶಕ್ತಿ

ಹೊಸ ಶಕ್ತಿಯನ್ನು ಹುಡುಕುವ ಮುನ್ನ, ಇದ್ದ ಶಕ್ತಿ ಪೂರ್ಣವಾಗಿ ದೊರೆಯುತ್ತಿದೆಯೇ ಎಂದು ಪರೀಕ್ಷಿಸುವುದು ವಿವೇಕ. ವರ್ಷಗಟ್ಟಲೆ ಡಿಪೋದಲ್ಲಿ ನಿಂತ ಲಾರಿಯಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಟ್ಯಾಂಕಿನ ತುಕ್ಕು ಡೀಸೆಲ್ ಫಿಲ್ಟರ್ ಸೇರಿರುತ್ತದೆ. ನಾಜಲುಗಳು ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರುತ್ತವೆ. ಎಲ್ಲ ಸಿಲಿಂಡರುಗಳ ಕಂಪ್ರೆಷನ್, ವಾಲ್ವ್ ಅಂತರ, ಪಂಪಿನ ಟೈಮಿಂಗ್, ನಾಜಲಿನ ಒತ್ತಡ, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಸೋರಿಕೆ, ಆಕ್ಸಲರೇಟರ್ ಪೂರ್ಣ ಒತ್ತಿದಾಗ ಪಂಪಿನ ಲಿವರ್ ಪೂರ್ಣ ಚಲಿಸುತ್ತದೆಯೇ ಎಂಬ ಸಣ್ಣ ವಿಷಯ ಇವಿಷ್ಟನ್ನೂ ಮೊದಲು ನೋಡಬೇಕು. ಬ್ರೇಕ್ ಡ್ರಮ್ಮಿಗೆ ಸವೆಯುತ್ತಾ ಓಡುವ ಲಾರಿಗೂ ಶಕ್ತಿ ಸಾಲದಂತೆ ಕಾಣುತ್ತದೆ. ಈ ಕೆಲಸಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಕಂಪ್ರೆಷನ್ ಕುಂದಿದ ಎಂಜಿನ್ನಿಗೆ ಇಂಧನ ಹೆಚ್ಚಿಸುವುದು ದುರ್ಬಲ ಎತ್ತಿಗೆ ಭಾರ ಹೇರಿದಂತೆ. ಅಂಥ ಎಂಜಿನ್ನಿಗೆ ಮೊದಲು ರಿಪೇರಿ, ಅನಂತರ ಉಳಿದ ಮಾತು.

ಗಾಳಿ ಮೊದಲು, ಇಂಧನ ಅನಂತರ

ಎಂ-35 ಎ2 ಲಾರಿಯ ಟರ್ಬೊ ಚಾರ್ಜರನ್ನು ಅಳವಡಿಸಿದ್ದು ಮುಖ್ಯವಾಗಿ ಹೊಗೆಯನ್ನು ತಗ್ಗಿಸಲು. ಶಕ್ತಿಯನ್ನು ಹೆಚ್ಚಿಸಲು ಅಲ್ಲ. ಆದ್ದರಿಂದ ಅದು ನೀಡುವ ಹೆಚ್ಚುವರಿ ಗಾಳಿಗೆ ಮಿತಿಯಿದೆ. ಸಲೀಸಾಗಿ ಉಸಿರಾಡುವ ಏರ್ ಫಿಲ್ಟರ್ ಮತ್ತು ಅಗಲವಾದ ಸೈಲೆನ್ಸರ್ ಕೊಳವೆ ಮೊದಲ ಹೆಜ್ಜೆ. ಎರಡನೆಯದು ಇಂಟರ್‌ಕೂಲರ್. ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗಿ ಹಿಗ್ಗುತ್ತದೆ. 120 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಅದರ ಸಾಂದ್ರತೆ ಸುಮಾರು ಶೇ. 20ರಷ್ಟು ಹೆಚ್ಚುತ್ತದೆ. ಒತ್ತಡ ಕಡಿಮೆಯಿರುವ ಎಂಜಿನ್ನುಗಳಲ್ಲಿ ಗಾಳಿ ಅಷ್ಟು ಬಿಸಿಯಾಗುವುದಿಲ್ಲ. ಅಲ್ಲಿ ಲಾಭವೂ ಅದಕ್ಕೆ ತಕ್ಕಷ್ಟೇ.

ಇಷ್ಟಾದ ಮೇಲೆ ಪಂಪಿನ ಸರದಿ. ಎಂ-35ರ ಪಂಪಿನಲ್ಲಿ ಒಂದೇ ಪ್ಲಂಜರ್ ಆರೂ ಸಿಲಿಂಡರುಗಳಿಗೆ ಇಂಧನ ಹಂಚುವುದರಿಂದ ಒಂದು ಸ್ಕ್ರೂ ತಿರುಗಿಸಿದರೆ ಆರಕ್ಕೂ ಸಮನಾಗಿ ಹೆಚ್ಚುತ್ತದೆ. ಭಾರತದ ಹಳೆಯ ಲಾರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್‌ಲೈನ್ ಪಂಪಿನಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಪ್ಲಂಜರ್ ಇದೆ. ಅದು ಸವೆದಿದ್ದರೆ ಒಂದು ಸಿಲಿಂಡರಿಗೆ ಅತಿಯಾಗಿ, ಇನ್ನೊಂದಕ್ಕೆ ಕಡಿಮೆಯಾಗಿ ಡೀಸೆಲ್ ಹೋಗುತ್ತದೆ. ಹೀಗಾಗಿ ಲಾರಿಯ ಮೇಲಿರುವಾಗಲೇ ಸ್ಕ್ರೂ ತಿರುಗಿಸದೆ, ಪಂಪನ್ನು ಇಳಿಸಿ ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸುವುದೇ ಸರಿ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಸಂಸ್ಥೆಯ ಪಂಪುಗಳನ್ನು ಬಲ್ಲ ಕುಶಲಕರ್ಮಿಗಳು ಕರ್ನಾಟಕಕ್ಕೆ ಹೊಸಬರಲ್ಲ.

ಗವರ್ನರಿನ ಮಿತಿಯನ್ನು ಮಾತ್ರ ಮುಟ್ಟಬಾರದು. ಕನೆಕ್ಟಿಂಗ್ ರಾಡಿನ ಮೇಲೆ ಪಿಸ್ಟನ್ನಿನ ಚಲನೆಯಿಂದ ಬೀಳುವ ಸೆಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2,600ರ ಮಿತಿಯನ್ನು 3,000ಕ್ಕೆ ಏರಿಸಿದರೆ ವೇಗ ಶೇ. 15ರಷ್ಟು ಹೆಚ್ಚಿದರೂ ಸೆಳೆತ ಶೇ. 33ರಷ್ಟು ಹೆಚ್ಚುತ್ತದೆ.

ಉಷ್ಣತೆಯೇ ಅಳತೆಗೋಲು

ಹೆಚ್ಚಿದ ಇಂಧನದ ಪರಿಣಾಮ ಮೊದಲು ಕಾಣುವುದು ಎಂಜಿನ್ನಿನಿಂದ ಹೊರಬರುವ ಹೊಗೆಯ ಉಷ್ಣತೆಯಲ್ಲಿ. ಡ್ಯಾಶ್‌ಬೋರ್ಡಿನಲ್ಲಿರುವ ನೀರಿನ ಉಷ್ಣತೆಯ ಮೀಟರ್ ಇದನ್ನು ತೋರಿಸುವುದಿಲ್ಲ. ನೀರು ಬಿಸಿಯಾಗುವ ಮೊದಲೇ ಪಿಸ್ಟನ್ನಿನ ತಲೆಗೆ ಹಾನಿಯಾಗಿರಬಹುದು. ಟರ್ಬೊದ ಮುಂಭಾಗದಲ್ಲಿ ಉಷ್ಣತೆ ಅಳೆಯುವ ಪೈರೋಮೀಟರ್ ಮತ್ತು ಗಾಳಿಯ ಒತ್ತಡ ತೋರಿಸುವ ಮೀಟರ್ ಅಳವಡಿಸದೆ ಪಂಪನ್ನು ಮುಟ್ಟಬಾರದು. ಭಾರ ಹೇರಿದ ಏರಿನಲ್ಲಿ ಈ ಉಷ್ಣತೆ ಸುಮಾರು 650ರಿಂದ 700 ಡಿಗ್ರಿಯನ್ನು ದಾಟಿ ನಿಲ್ಲಬಾರದು ಎಂಬುದು ಇಂಥ ಹಳೆಯ ಎಂಜಿನ್ನುಗಳಿಗೆ ರೂಢಿಯಲ್ಲಿರುವ ಮಿತಿ. ಮೀರಿದರೆ ಚಾಲಕನು ಗೇರ್ ಇಳಿಸಿ ಆಕ್ಸಲರೇಟರ್ ಸಡಿಲಿಸಬೇಕು. 465 ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ದುರ್ಬಲ ಅಂಗವೆಂದೇ ಹೆಸರಾಗಿದೆ. ಮಿತಿಮೀರಿ ಇಂಧನ ನೀಡಿದವರಿಗೆ ಮೊದಲ ಬಿಲ್ಲು ಬರುವುದು ಅಲ್ಲಿಂದಲೇ. ಕ್ಲಚ್, ಗೇರ್ ಬಾಕ್ಸ್ ಮತ್ತು ಆಕ್ಸಲುಗಳೂ ಮೂಲ ಶಕ್ತಿಗೆ ತಕ್ಕಂತೆ ಆಯ್ಕೆಗೊಂಡವು ಎಂಬುದನ್ನು ಮರೆಯಲಾಗದು.

ಲೆಕ್ಕ ಹಾಕಿದರೆ

ಶಕ್ತಿ ಹೆಚ್ಚಿದರೆ ಏನು ದೊರೆಯುತ್ತದೆ ಎಂಬುದನ್ನು ವ್ಯಾಪಾರಿ ಮೊದಲೇ ಲೆಕ್ಕ ಹಾಕಬಹುದು. ಸಮತಟ್ಟಾದ ರಸ್ತೆಯಲ್ಲಿ ಎಂ-35ರ ಗರಿಷ್ಠ ವೇಗ ಗಂಟೆಗೆ ಸುಮಾರು 90 ಕಿ.ಮೀ. ಆ ವೇಗದಲ್ಲಿ ಎಂಜಿನ್ ಗವರ್ನರಿನ ಮಿತಿಯನ್ನು ಮುಟ್ಟಿರುತ್ತದೆ. ಆದ್ದರಿಂದ ಎಷ್ಟೇ ಶಕ್ತಿ ಸೇರಿಸಿದರೂ ಸಮತಟ್ಟಿನ ವೇಗ ಹೆಚ್ಚದು. ಅಲ್ಲಿ ಮಿತಿ ಇರುವುದು ಗೇರಿನಲ್ಲಿ.

ಇನ್ನು ಏರು. ಭಾರ ಸೇರಿ 8.2 ಟನ್ ತೂಗುವ ಲಾರಿ ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿದೆ ಎಂದಿಟ್ಟುಕೊಳ್ಳೋಣ. ಏರು, ಟೈರಿನ ಘರ್ಷಣೆ ಮತ್ತು ಗಾಳಿಯ ತಡೆ ಮೂರನ್ನೂ ಸೇರಿಸಿ, ಎಂಜಿನ್ ಶಕ್ತಿಯ ಶೇ. 80ರಷ್ಟು ಚಕ್ರಕ್ಕೆ ತಲುಪುತ್ತದೆ ಎಂದು ಭಾವಿಸಿದರೆ, 134 ಅಶ್ವಶಕ್ತಿಗೆ ವೇಗ ಗಂಟೆಗೆ ಸುಮಾರು 50 ಕಿ.ಮೀ., 170 ಅಶ್ವಶಕ್ತಿಗೆ ಸುಮಾರು 60 ಕಿ.ಮೀ. ಐದು ಕಿಲೋಮೀಟರ್ ಉದ್ದದ ಏರಿನಲ್ಲಿ ಆರು ನಿಮಿಷಗಳ ಬದಲು ಐದು ನಿಮಿಷ. ಉಳಿದದ್ದು ಒಂದು ನಿಮಿಷ. ದಿನಕ್ಕೆ ಹತ್ತಾರು ಟ್ರಿಪ್ ಹೊಡೆಯುವ ಕ್ವಾರಿಗೆ ಆ ನಿಮಿಷಕ್ಕೆ ಬೆಲೆಯಿದೆ. ವಾರಕ್ಕೊಮ್ಮೆ ಹೊರಡುವ ಲಾರಿಗೆ ಆ ನಿಮಿಷಕ್ಕಿಂತ ಎಂಜಿನ್ನಿನ ಆಯುಷ್ಯವೇ ದೊಡ್ಡದು.

ಎಂಜಿನ್ ಬದಲಾವಣೆ

ಶಕ್ತಿ ನಿಜಕ್ಕೂ ಬೇಕಾದಾಗ ಸೇನೆಯೇ ಅನುಸರಿಸಿದ ಮಾರ್ಗ ಗಮನಾರ್ಹ. 1990ರ ದಶಕದಲ್ಲಿ ಅಮೆರಿಕದ ಸೇನೆ ತನ್ನ ಹಳೆಯ ಲಾರಿಗಳಲ್ಲಿ ಒಂದು ಭಾಗವನ್ನು ಎಂ-35 ಎ3 ಹೆಸರಿನಲ್ಲಿ ನವೀಕರಿಸಿದಾಗ ಹಳೆಯ ಪಂಪಿನ ಸ್ಕ್ರೂ ತಿರುಗಿಸಲಿಲ್ಲ. 170 ಅಶ್ವಶಕ್ತಿಯ ಕ್ಯಾಟರ್‌ಪಿಲ್ಲರ್ 3116 ಎಂಜಿನ್ ಮತ್ತು ಅದಕ್ಕೆ ಹೊಂದುವ ಅಟೊಮ್ಯಾಟಿಕ್ ಗೇರ್ ಬಾಕ್ಸ್ ಅಳವಡಿಸಿತು. ಬಿಡಿಭಾಗಗಳು ದೊರೆಯದ ಹಳೆಯ ಎಂಜಿನ್ನಿನ ಸಂದರ್ಭದಲ್ಲಿ ಖಾಸಗಿಯವರಿಗೂ ಇದು ದೀರ್ಘಕಾಲದಲ್ಲಿ ಅಗ್ಗವಾಗಬಹುದು. ಮೌಂಟಿಂಗ್, ರೇಡಿಯೇಟರ್, ಕ್ಲಚ್ ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟ್ ಇವುಗಳ ಖರ್ಚನ್ನೂ ಎಂಜಿನ್ನಿನ ಬೆಲೆಗೆ ಸೇರಿಸಿ ಹೋಲಿಸಬೇಕು.

ಕಾನೂನಿನ ಅಂಶ

ಭಾರತದಲ್ಲಿ ರಕ್ಷಣಾ ಉದ್ದೇಶದ ವಾಹನಗಳ ನೋಂದಣಿ 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ನಿನಡಿ ನಡೆಯುತ್ತದೆ. ಅಂಥ ವಾಹನ ಆ ಬಳಕೆಯಿಂದ ಹೊರಬಂದಾಗ ಸಾಮಾನ್ಯ ವಾಹನದಂತೆಯೇ ನೋಂದಣಿ ಕಡ್ಡಾಯ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಆದ್ದರಿಂದ ರಸ್ತೆಗಿಳಿಯುವ ವಾಹನದ ಎಂಜಿನ್ ಬದಲಿಸುವ ಮುನ್ನವೇ ಸಾರಿಗೆ ಕಚೇರಿಯ ಅನುಮತಿ ಪಡೆಯಬೇಕು. ಲಾರಿಯು ವಾಹನವಾಗಿ ಮಾರಾಟವಾಗುತ್ತಿದೆಯೋ ಗುಜರಿಯಾಗಿ ಮಾತ್ರವೋ ಎಂಬುದನ್ನು ಹರಾಜಿನ ಷರತ್ತುಗಳಲ್ಲಿ ಓದಿಯೇ ಬೆಲೆ ಕೂಗಬೇಕು.

ಖರೀದಿದಾರರು ಅನುಸರಿಸಬೇಕಾದ ಕ್ರಮ

1. ಸಮಸ್ಯೆ ಏರಿನದೋ, ಸಮತಟ್ಟಿನ ವೇಗದ್ದೋ ಎಂದು ನಿರ್ಧರಿಸುವುದು.
2. ಕಂಪ್ರೆಷನ್, ಫಿಲ್ಟರ್, ನಾಜಲ್, ಟೈಮಿಂಗ್, ಬ್ರೇಕ್ ಪರೀಕ್ಷಿಸಿ ಮೂಲ ಶಕ್ತಿಯನ್ನು ಮರಳಿ ಪಡೆಯುವುದು.
3. ಪೈರೋಮೀಟರ್ ಮತ್ತು ಒತ್ತಡದ ಮೀಟರ್ ಅಳವಡಿಸುವುದು.
4. ಗಾಳಿಯ ಹರಿವನ್ನು ಸುಧಾರಿಸುವುದು.
5. ಟೆಸ್ಟ್ ಬೆಂಚಿನಲ್ಲಿ ಇಂಧನವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಪ್ರತಿ ಹಂತದಲ್ಲೂ ಭಾರ ಹೇರಿ ಏರಿನಲ್ಲಿ ಪರೀಕ್ಷಿಸುವುದು.
6. ಅದಕ್ಕೂ ಹೆಚ್ಚಿನ ಶಕ್ತಿ ಬೇಕಾದರೆ ಎಂಜಿನ್ ಬದಲಾವಣೆಯ ಒಟ್ಟು ವೆಚ್ಚವನ್ನು ಲೆಕ್ಕ ಹಾಕುವುದು.

ಸ್ಕ್ರೂ ತಿರುಗಿಸಲು ತಗಲುವ ವೆಚ್ಚ ಕೆಲವೇ ನಿಮಿಷಗಳ ಕೂಲಿ. ಹಾಳಾದ ಎಂಜಿನ್ನನ್ನು ಬಿಚ್ಚಿ ಕಟ್ಟುವ ವೆಚ್ಚ ಲಾರಿಯ ಹರಾಜು ಬೆಲೆಯನ್ನೇ ಮೀರಬಹುದು. ಇವೆರಡರ ನಡುವೆ ನಿಲ್ಲುವುದು ಒಂದು ಪೈರೋಮೀಟರ್. ಖರೀದಿದಾರರು ಮೊದಲು ಹಣ ಹೂಡಬೇಕಾದದ್ದು ಅದರ ಮೇಲೆ.