ಒಂಬತ್ತು ಕೋಟೆಗಳೂ ಒಂದು ಆಟವೂ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದಿದ್ದನು. ಬಿ.ಎಸ್‌ಸಿ. ತರಗತಿಯಲ್ಲಿ ಎರಡು ವರ್ಷ ನನ್ನ ಬಳಿ ಕನ್ನಡ ಓದಿದವನು. ಈಗ ಬೆಂಗಳೂರಿನಲ್ಲಿ ನಾಲ್ವರು ಗೆಳೆಯರೊಡನೆ ಕೂಡಿ ಗಣಕಯಂತ್ರದ ಮೇಲೆ ಆಡುವ ಆಟವೊಂದನ್ನು ಕಟ್ಟುತ್ತಿದ್ದಾನೆ. ಆಟವೆಂದರೆ ಚೆಂಡು ಹೊಡೆಯುವುದಲ್ಲ, ರಾಜ್ಯವಾಳುವುದು. ಆಡುವವನು ಒಂದು ದೇಶವನ್ನು ಆರಿಸಿಕೊಂಡು ದಂಡು ಕೂಡಿಸಬೇಕು, ಕೋಟೆ ಕಟ್ಟಬೇಕು, ಸಂಧಿವಿಗ್ರಹಗಳನ್ನು ನಡೆಸಬೇಕು. ಇವನ ಆಟದ ದೇಶ ಕೊರಿಯ. ಕಾಲ ಹನ್ನೆರಡನೆಯ ಶತಮಾನದ ಮೊದಲ ದಶಕ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಇನ್ನೂ ಸಿಂಹಾಸನದ ಮೇಲಿದ್ದ ಕಾಲವೆಂದರೆ ನಮ್ಮವರಿಗೆ ಬೇಗ ಹೊಳೆದೀತು.

“ಅಷ್ಟು ದೂರ ಏಕೆ ಹೋದೆಯಪ್ಪಾ?” ಎಂದು ಕೇಳಿದೆ. ಆ ದೇಶದ ಐತಿಹಾಸಿಕ ಧಾರಾವಾಹಿಗಳನ್ನು ನೋಡಿ ಮರುಳಾದನಂತೆ. ಅವನಿಗೆ ನನ್ನಿಂದ ಬೇಕಾಗಿದ್ದುದು ಇಷ್ಟೆ: ನಕ್ಷೆಯ ಮೇಲಿನ ಒಂದೊಂದು ಬಣ್ಣವನ್ನು ಮುಟ್ಟಿದಾಗಲೂ ಆ ಜನರನ್ನು ಕುರಿತು ನಾಲ್ಕು ಸಾಲಿನ ಕನ್ನಡ ಬರಹವೊಂದು ಮೂಡಬೇಕು, ಅದನ್ನು ನಾನು ಬರೆದುಕೊಡಬೇಕು. ನೀಲಿಯ ಬಣ್ಣದ ಗೊರ್ಯೊ ರಾಜ್ಯಕ್ಕೆ ಅರ್ಧ ಗಂಟೆಯಲ್ಲಿ ಬರೆದೆ. ೯೧೮ರಲ್ಲಿ ವಾಂಗ್ ಗೊನ್ ಎಂಬ ದಳಪತಿ ಸ್ಥಾಪಿಸಿದ್ದು, ೧೩೯೨ರವರೆಗೆ ಬಾಳಿದ್ದು, ರಾಜಧಾನಿ ಇಂದಿನ ಕೆಸೋಂಗ್, ಕೊರಿಯ ಎಂಬ ಹೆಸರು ಹೊರಜಗತ್ತಿಗೆ ತಿಳಿದದ್ದೇ ಇದರಿಂದ. ಅದರ ಉತ್ತರಕ್ಕೆ ಕಂದುಬಣ್ಣದಲ್ಲಿ ಹರಡಿಕೊಂಡಿದ್ದ ಜುರ್ಚೆನ್ ಜನರ ಬಳಿಗೆ ಬಂದಾಗ ಲೇಖನಿ ನಿಂತಿತು. ನಿಂತು ಎರಡು ತಿಂಗಳಾಯಿತು.

ಮೊದಲ ತೊಡಕು ಕೇವಲ ಶಬ್ದದ್ದು. ಕನ್ನಡದ ಅಧ್ಯಾಪಕನಿಗೆ ಬೇರೆ ಯಾವ ತೊಡಕು ಮೊದಲು ಬಂದೀತು! ಅವನು ತಂದಿದ್ದ ಇಂಗ್ಲಿಷ್ ಕರಡಿನಲ್ಲಿ ‘ಟ್ರೈಬ್’ ಎಂದಿತ್ತು. ‘ಬುಡಕಟ್ಟು’ ಎಂದರೆ ಓದುವವನ ಕಣ್ಣಿಗೆ ಕಾಡಿನೊಳಗಿನ ಹತ್ತು ಗುಡಿಸಿಲುಗಳು ಬಂದು ನಿಲ್ಲುತ್ತವೆ. ‘ಗಣ’ವೆಂದರೆ ಮಗಧದ ವಾಸನೆ, ‘ಕುಲ’ವೆಂದರೆ ಜಾತಿಯ ವಾಸನೆ. ಅವರ ಮುಖ್ಯಸ್ಥನನ್ನು ‘ಸಾಮಂತ’ನೆಂದರೆ ನಮ್ಮ ಶಾಸನಗಳ ಮಹಾಮಂಡಲೇಶ್ವರರೆಲ್ಲ ತಮ್ಮ ಬಿರುದಾವಳಿಗಳ ಸಮೇತ ಎದ್ದು ಬರುತ್ತಾರೆ. ಪಾಪ, ಆ ಮನುಷ್ಯನು ಹತ್ತಾರು ಹಳ್ಳಿಗಳ ಹಿರಿಯ. ಹಂದಿ ಸಾಕುತ್ತಾನೆ, ಹೊಲ ಉಳುತ್ತಾನೆ, ಚಳಿಗಾಲದಲ್ಲಿ ಬೇಟೆಗೆ ಹೋಗುತ್ತಾನೆ, ಒಳ್ಳೆಯ ಕುದುರೆಗಳನ್ನು ಮಾರುತ್ತಾನೆ.

ಉಳುತ್ತಾನೆಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಈ ಬಗೆಯ ಆಟಗಳಲ್ಲಿ ಅವನು ಉಳುವುದು ಅಪರೂಪ. ವಿದ್ಯಾರ್ಥಿ ನನಗೆ ಹೆಸರಾಂತ ಆಟಗಳೆರಡನ್ನು ತೋರಿಸಿದನು. ‘ಏಜ್ ಆಫ್ ಎಂಪೈರ್ಸ್’ ಎಂಬುದರ ಎರಡನೆಯ ಭಾಗಕ್ಕೆ ಕೊರಿಯದವರು ಸೇರಿದ್ದು ೨೦೦೦ದಲ್ಲಿ. ಅವರ ಕೈಗೆ ಕೊಟ್ಟ ವಿಶೇಷ ಆಯುಧಗಳಲ್ಲಿ ಒಂದು ಆಮೆಯಾಕಾರದ ಹಡಗು. ಅದು ಪ್ರಸಿದ್ಧವಾದದ್ದು ೧೫೯೨ರಲ್ಲಿ, ಜಪಾನೀಯರ ದಂಡಯಾತ್ರೆಯ ಕಾಲದಲ್ಲಿ. ಮಧ್ಯಯುಗದ ರಣರಂಗದಲ್ಲಿ ಅದು ತೇಲುವುದನ್ನು ಕಂಡು ನಗು ಬಂದಿತು. ಜುರ್ಚೆನರು ಅದೇ ಆಟಕ್ಕೆ ಪ್ರವೇಶ ಪಡೆದದ್ದು ೨೦೨೫ರಲ್ಲಿ. ಇಪ್ಪತ್ತೈದು ವರ್ಷ ಕೊರಿಯದವರು ತಮ್ಮ ನೆರೆಯವರಿಲ್ಲದೆಯೇ ಆಡಿದರೆಂದಾಯಿತು! ‘ಯೂರೋಪಾ ಯೂನಿವರ್ಸಾಲಿಸ್’ ಎಂಬ ಇನ್ನೊಂದರ ನಾಲ್ಕನೆಯ ಭಾಗವು ೧೪೪೪ರಿಂದ ಆರಂಭವಾಗುತ್ತದೆ. ಅದರಲ್ಲಿ ಜುರ್ಚೆನರು ಮೂರು ಪಂಗಡಗಳಾಗಿ ಇದ್ದಾರೆ. ಆದರೆ ಅವರಿಗೆ ಹಾಕಿಕೊಟ್ಟಿರುವ ನಿಯಮಗಳು ಹುಲ್ಲುಗಾವಲಿನ ಅಲೆಮಾರಿಗಳವು, ಮಂಗೋಲರಂಥವರವು. ಕಾಡು, ನದಿ, ಹೊಲಗಳ ನಡುವೆ ಊರು ಕಟ್ಟಿಕೊಂಡಿದ್ದ ಜನರು ಕುದುರೆಯನ್ನೇರಿ ಸೂರೆಮಾಡುತ್ತಲೇ ಇರಬೇಕೆಂಬುದು ಆಟದ ವಿಧಿ.

ನಕ್ಷೆಯಲ್ಲಿ ಗೊರ್ಯೊದ ನೀಲಿ ಮುಗಿದಲ್ಲಿ ಕಂದು ಮೊದಲಾಗುತ್ತದೆ. ನಡುವೆ ದಾರದಂತಹ ಒಂದು ಕಪ್ಪು ಗೆರೆ. ಗೆರೆಗೆ ಆಧಾರವಿಲ್ಲವೆನ್ನಲಾಗದು. ೧೦೩೩ರಿಂದ ೧೦೪೪ರವರೆಗೆ ಗೊರ್ಯೊದವರು ಯಾಲು ನದಿಯ ಮುಖದಿಂದ ಪೂರ್ವಸಮುದ್ರದವರೆಗೆ ಗೋಡೆಯನ್ನೇ ಕಟ್ಟಿದರು. ಸಾವಿರ ಲೀ ಉದ್ದದ ಗೋಡೆಯೆಂದು ಅದಕ್ಕೆ ಹೆಸರು. ಆದರೆ ಜನರ ಸಂಬಂಧಗಳು ಗೋಡೆಯ ಮಾತನ್ನು ಕೇಳಲಿಲ್ಲ. ಗೋಡೆಯಾಚೆಯ ಮುಖ್ಯಸ್ಥರು ಕುದುರೆ, ತುಪ್ಪುಳುಚರ್ಮಗಳನ್ನು ಕಾಣಿಕೆ ತಂದು, ಬಟ್ಟೆಬರೆಗಳನ್ನೂ ‘ಸೇನಾನಿ’ ಮೊದಲಾದ ಬಿರುದುಗಳನ್ನೂ ಪಡೆದು ಹಿಂದಿರುಗುತ್ತಿದ್ದರು. ಪಶ್ಚಿಮದ ಪ್ರಬಲ ಖಿತಾನ್ ಚಕ್ರವರ್ತಿಯಿಂದಲೂ ಅಂಥದೇ ಬಿರುದನ್ನು ಪಡೆದವರಿದ್ದರು. ಎರಡು ಮನೆಯ ಊಟ ಎಂದು ನಾವು ಹಾಸ್ಯ ಮಾಡಬಹುದು. ಎರಡು ದೊಡ್ಡ ರಾಜ್ಯಗಳ ನಡುವೆ ಬದುಕಬೇಕಾದವರಿಗೆ ಅದು ಹಾಸ್ಯವಲ್ಲ. ೧೦೭೩ರಲ್ಲಿ ಈಶಾನ್ಯದ ಹಲವು ಹಳ್ಳಿಗಳವರು ತಮ್ಮನ್ನು ಗೊರ್ಯೊದ ಜಿಲ್ಲೆಗಳೆಂದು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ತಾವೇ ಕೇಳಿಕೊಂಡರು. ಅದಕ್ಕೂ ಎಂಬತ್ತು ವರ್ಷ ಹಿಂದೆ, ೯೯೩ರಲ್ಲಿ, ಖಿತಾನರು ಗೊರ್ಯೊದ ಮೇಲೆ ದಂಡೆತ್ತಿ ಬಂದಾಗ ಸೊ ಹ್ವಿ ಎಂಬ ಮಂತ್ರಿ ಅವರ ದಂಡನಾಯಕನೆದುರು ಕುಳಿತು, ಬರಿಯ ಮಾತಿನಿಂದಲೇ ಸೇನೆಯನ್ನು ಹಿಂದಕ್ಕೆ ಕಳುಹಿಸಿದನು. ಮೇಲಾಗಿ ಯಾಲು ನದಿಯ ಈಚೆಯ ನೆಲವನ್ನೂ ಸಂಪಾದಿಸಿದನು. ಕೊರಿಯದ ಮಕ್ಕಳು ಇಂದಿಗೂ ಹೆಮ್ಮೆಯಿಂದ ಓದುವ ಪ್ರಸಂಗ. ಆ ನೆಲದಲ್ಲಿ ಬಾಳುತ್ತಿದ್ದವರು ಜುರ್ಚೆನರು. ಆ ಮಾತುಕತೆಯಲ್ಲಿ ಅವರಿಗೆ ಆಸನವಿರಲಿಲ್ಲ.

ಗೆರೆಯ ಬದಲು ಎರಡು ಬಣ್ಣಗಳೂ ಬೆರೆತ ಪಟ್ಟೆಗಳನ್ನು ಹಾಕೆಂದು ಸೂಚಿಸಿದೆ. ಆಡುವವರಿಗೆ ಗಲಿಬಿಲಿಯಾಗುತ್ತದೆ ಸಾರ್ ಎಂದನು. ಅಂದು ಅಲ್ಲಿದ್ದವರಿಗೂ ಗಲಿಬಿಲಿಯಾಗಿಯೇ ಇದ್ದಿರಬೇಕು ಎಂದು ನಾನು ಹೇಳಲು ಹೋಗಲಿಲ್ಲ.

ಆಟದ ನಡುಗಂಬವು ಯೂನ್ ಗ್ವಾನ್ ಎಂಬ ದಂಡನಾಯಕನ ಯುದ್ಧ. ೧೧೦೪ರಲ್ಲಿ ವಾನ್ಯನ್ ಎಂಬ ಜುರ್ಚೆನ್ ಮನೆತನದ ಕುದುರೆಪಡೆಯೆದುರು ಗೊರ್ಯೊದ ಕಾಲಾಳುಗಳು ಸೋತರು. ಆ ಸೋಲಿನಿಂದ ಕಲಿತು ಯೂನ್ ಗ್ವಾನನು ಹೊಸ ಸೇನೆಯೊಂದನ್ನು ಕಟ್ಟಿಸಿದನು. ಕುದುರೆಯುಳ್ಳವರದು ಒಂದು ದಳ, ಇಲ್ಲದವರದು ಒಂದು, ಬೌದ್ಧ ಭಿಕ್ಷುಗಳದೇ ಮತ್ತೊಂದು. ಭಿಕ್ಷುಗಳ ದಳಕ್ಕೆ ‘ಮಾರನನ್ನು ಅಡಗಿಸುವವರು’ ಎಂಬರ್ಥದ ಹೆಸರು. ೧೧೦೭ರ ಚಳಿಗಾಲದಲ್ಲಿ, ಯೇಜೋಂಗ್ ರಾಜನ ಆಳ್ವಿಕೆಯಲ್ಲಿ, ಒಂದು ಲಕ್ಷದ ಎಪ್ಪತ್ತು ಸಾವಿರ ಎಂದು ಲೆಕ್ಕ ಕೊಟ್ಟಿರುವ ದಂಡು ಗೋಡೆ ದಾಟಿತು.

ದಾಟುವ ಮುನ್ನ ಒಂದು ಔತಣ ನಡೆಯಿತು. ಸೆರೆಯಲ್ಲಿರುವ ನಿಮ್ಮವರನ್ನು ಬಿಡುತ್ತೇವೆ, ಬನ್ನಿರೆಂದು ಜುರ್ಚೆನ್ ಮುಖ್ಯಸ್ಥರಿಗೆ ಹೇಳಿಕಳುಹಿಸಿದರು. ನಾನೂರಕ್ಕೂ ಹೆಚ್ಚು ಮಂದಿ ನಂಬಿ ಬಂದರು. ಅವರಿಗೆ ಮದ್ಯ ಕುಡಿಸಿ, ಹೊಂಚುಹಾಕಿದ್ದ ಸೈನಿಕರಿಂದ ಕೊಲ್ಲಿಸಲಾಯಿತು. ಇದನ್ನು ಹೇಳುವವರು ಶತ್ರುಗಳಲ್ಲ. ೧೪೫೧ರಲ್ಲಿ ಕೊರಿಯದಲ್ಲೇ ಸಂಕಲಿತವಾದ ‘ಗೊರ್ಯೊಸಾ’ ಎಂಬ ರಾಜ್ಯಚರಿತ್ರೆ. ನನ್ನ ವಿದ್ಯಾರ್ಥಿಯ ಕರಡಿನಲ್ಲಿ ಇದಕ್ಕೊಂದು ಗುಂಡಿಯುಂಟು. ಒತ್ತಿದರೆ ಶತ್ರುಬಲ ಕುಗ್ಗುತ್ತದೆ. ಗುಂಡಿಯ ಹೆಸರು ‘ಉಪಾಯ’. ಚಾಣಕ್ಯನಿಂದ ಬಂದ ಸಭ್ಯವಾದ ಶಬ್ದ. ನಾನು ಅದನ್ನು ಹೊಡೆದುಹಾಕಿ ‘ಔತಣದ ಕೊಲೆ’ ಎಂದು ಬರೆದೆ. ಅವನ ಗೆಳೆಯರಿಗೆ ಇದು ಹಿಡಿಸಿಲ್ಲ; ಕೊರಿಯದಲ್ಲಿ ಕೊಳ್ಳುವವರು ನೊಂದುಕೊಳ್ಳುತ್ತಾರೆಂದು ಅವರ ಅಳುಕು. ತಮ್ಮ ಚರಿತ್ರೆಕಾರರು ಆರು ಶತಮಾನಗಳ ಹಿಂದೆಯೇ ಅಳುಕದೆ ಬರೆದುದಕ್ಕೆ ಅವರು ಈಗೇಕೆ ನೊಂದುಕೊಳ್ಳಬೇಕೋ ತಿಳಿಯದು.

ಮುಂದಿನದು ಗೆಲುವಿನ ಕಥೆ. ಹಿಡಿದ ನೆಲದಲ್ಲಿ ಗೊರ್ಯೊದವರು ಒಂಬತ್ತು ಕೋಟೆಗಳನ್ನು ಕಟ್ಟಿ, ದಕ್ಷಿಣದಿಂದ ಸಂಸಾರಗಳನ್ನು ಕರೆತಂದು ನೆಲೆಗೊಳಿಸಿದರು. ಕೋಟೆಗಳನ್ನು ನಕ್ಷೆಯಲ್ಲಿ ಎಲ್ಲಿಡಬೇಕು? ವಿದ್ವಾಂಸರೊಳಗೆ ಏಕಮತವಿಲ್ಲ. ಹಾಮ್‌ಹುಂಗ್ ಬಯಲಿನೊಳಗೇ ಎಲ್ಲವೂ ಇದ್ದುವೆಂದು ಜಪಾನೀ ಆಡಳಿತದ ಕಾಲದ ವಿದ್ವಾಂಸರು ವಾದಿಸಿದರು. ಇನ್ನೂ ಉತ್ತರಕ್ಕೆ ಗಿಲ್‌ಜು ಸೀಮೆಯವರೆಗೆ ಎಂಬುದು ಮತ್ತೊಂದು ಪಕ್ಷ. ಹದಿನೈದನೆಯ ಶತಮಾನದ ಕೊರಿಯದ ಗ್ರಂಥಗಳೋ ಒಂದು ಗಡಿಗಲ್ಲನ್ನು ತುಮೆನ್ ನದಿಯ ಆಚೆ ಏಳುನೂರು ಲೀ ದೂರದಲ್ಲಿಡುತ್ತವೆ. ಯಾವ ಪಕ್ಷ ಹಿಡಿದರೂ ಅದರ ಹಿಂದೆ ಯಾವುದಾದರೊಂದು ರಾಜ್ಯದ ಆಸೆ ಇಣುಕುತ್ತದೆ. ಆಟದವನಾದರೋ ಎಲ್ಲಿಯಾದರೂ ಒಂದು ಕಡೆ ಚುಕ್ಕೆಯಿಡಲೇಬೇಕು.

ಕಟ್ಟಿದ ಕೋಟೆಗಳ ಮೇಲೆ ವಾನ್ಯನರ ದಾಳಿ ನಿಲ್ಲಲಿಲ್ಲ. ೧೧೦೯ರಲ್ಲಿ ಅವರ ದೂತರು ಬಂದು, ನಮ್ಮ ನೆಲ ನಮಗೆ ಕೊಡಿರಿ, ನಮ್ಮ ಮಕ್ಕಳು ಮರಿಮಕ್ಕಳೂ ನಿಮ್ಮ ಗಡಿಯೊಳಕ್ಕೆ ಒಂದು ಹಂಚಿನ ಚೂರನ್ನು ಸಹ ಎಸೆಯರೆಂದು ಬೇಡಿಕೊಂಡರು. ಆಸ್ಥಾನದಲ್ಲಿ ದೀರ್ಘವಾದ ಚರ್ಚೆ ನಡೆದು, ಕಡೆಗೆ ಒಂಬತ್ತನ್ನೂ ಹಿಂದಿರುಗಿಸಲಾಯಿತು. ಯೂನ್ ಗ್ವಾನನ ಪದವಿಯನ್ನೂ ಬಿರುದನ್ನೂ ಕಸಿದುಕೊಂಡರು. ತರುವಾಯ ಪದವಿ ಮರಳಿ ಬಂದರೂ ಆತನು ೧೧೧೧ರಲ್ಲಿ ತೀರಿಕೊಂಡನು.

ಗೆದ್ದುದನ್ನು ಹಿಂದಕ್ಕೆ ಕೊಡುವುದನ್ನು ಆಟ ಅರಿಯದು. ಒಂದೊಂದು ಕೋಟೆಗೂ ಇಷ್ಟಿಷ್ಟು ಅಂಕ. ಬಿಟ್ಟರೆ ಅಂಕ ಹೋಯಿತು. ಇದನ್ನು ನಾನು ಎತ್ತಿ ಆಡಿದಾಗ ವಿದ್ಯಾರ್ಥಿಗೆ ತಟ್ಟನೆ ಉಪಾಯ ಹೊಳೆಯಿತು. ಆರು ವರ್ಷಗಳಲ್ಲಿ, ೧೧೧೫ರಲ್ಲಿ, ವಾನ್ಯನ್ ಅಗುದನು ಜಿನ್ ಸಾಮ್ರಾಜ್ಯವನ್ನು ಸ್ಥಾಪಿಸಿದನು. ೧೧೧೭ರಲ್ಲಿ ಗೊರ್ಯೊಕ್ಕೆ ಬರೆದ ಪತ್ರದಲ್ಲಿ ತನ್ನನ್ನು ಅಣ್ಣನೆಂದೂ ಗೊರ್ಯೊದ ರಾಜನನ್ನು ತಮ್ಮನೆಂದೂ ಕರೆದನು. ಹಂಚಿನ ಚೂರಿನ ಮಾತು ಆಡಿ ಆಗ ಎಂಟು ವರ್ಷ! ೧೧೨೫ರಲ್ಲಿ ಖಿತಾನರ ಸಾಮ್ರಾಜ್ಯ ಅಳಿಯಿತು. ೧೧೨೭ರಲ್ಲಿ ಚೀನದ ಸೋಂಗ್ ಚಕ್ರವರ್ತಿ ತನ್ನ ರಾಜಧಾನಿ ಕೈಫೆಂಗನ್ನು ಕಳೆದುಕೊಂಡು ಸೆರೆಯಾದನು. ಗೊರ್ಯೊ ಮಾತ್ರ ೧೧೨೬ರಲ್ಲಿ ಜಿನ್ನರ ಹಿರಿತನವನ್ನು ಒಪ್ಪಿ, ದಂಡಯಾತ್ರೆಯಿಲ್ಲದೆ ಉಳಿಯಿತು. “ಹಾಗಾದರೆ ಕೋಟೆ ಬಿಟ್ಟವನಿಗೆ ೧೧೨೭ರಲ್ಲಿ ದೊಡ್ಡ ಬಹುಮಾನ ಕೊಟ್ಟುಬಿಡುತ್ತೇನೆ ಸಾರ್.”

ನನಗೆ ಒಪ್ಪಿಗೆಯಾಗಲಿಲ್ಲ. ಬಹುಮಾನವುಂಟೆಂದು ಒಮ್ಮೆ ತಿಳಿದ ಮೇಲೆ ಕೋಟೆ ಬಿಡುವುದು ಜಾಣತನದ ವ್ಯಾಪಾರವಾಗುತ್ತದೆ. ೧೧೦೯ರಲ್ಲಿ ಆ ಮಂತ್ರಿಗಳ ಮುಂದೆ ೧೧೨೭ ಇರಲಿಲ್ಲ. ಅವರ ಮುಂದಿದ್ದುದು ದೂರದ ಕೋಟೆಗಳು, ದಾರಿಯಲ್ಲಿ ಕೊಲೆಯಾಗುತ್ತಿದ್ದ ಸಾಗಣೆಯವರು, ದಂಡಿಗೆ ಎಳೆದು ತಂದ ರೈತರ ಬೇಸರ. ಮತ್ತೊಂದು ಸಂಗತಿಯೂ ಇತ್ತು. ‘ಗೊರ್ಯೊಸಾ’ದ ಇಂಗ್ಲಿಷ್ ಸಾರಾಂಶಗಳನ್ನು ತಡಕುತ್ತಿದ್ದಾಗ ಅದು ಕಣ್ಣಿಗೆ ಬಿದ್ದು ಆ ರಾತ್ರಿ ನನಗೆ ನಿದ್ರೆ ತಡವಾಯಿತು. ಯುದ್ಧಕ್ಕೆ ಮೊದಲು ಆಸ್ಥಾನದವರು ನಂಬಿದ್ದೇನೆಂದರೆ, ಜುರ್ಚೆನರ ಆ ಸೀಮೆಯಿಂದ ಹೊರಬರಲು ಸೀಸೆಯ ಕತ್ತಿನಂತಹ ಒಂದೇ ಒಂದು ಕಿರುದಾರಿಯಿದೆ, ಅಲ್ಲೊಂದು ಕೋಟೆ ಕಟ್ಟಿ ಬಾಯಿ ಮುಚ್ಚಿದರೆ ಮುಗಿಯಿತು ಎಂದು. ನೆಲ ಕೈಗೆ ಬಂದ ಮೇಲೆ ನೋಡಿದರೆ ನೀರಿನಲ್ಲೂ ನೆಲದಲ್ಲೂ ದಾರಿಗಳು ಎಲ್ಲೆಲ್ಲೂ ತೆರೆದಿದ್ದುವು. ಅಷ್ಟು ಜೀವಗಳನ್ನು ತೆತ್ತದ್ದು ಒಂದು ತಪ್ಪು ನಕ್ಷೆಯನ್ನು ನಂಬಿ.

ಮರುದಿನವೇ ಅವನಿಗೆ ಹೇಳಿದೆ: ನಿನ್ನ ಆಟದ ನಕ್ಷೆ ಮೊದಲಿನಿಂದಲೇ ಸರಿಯಾಗಿರುವುದು ದೊಡ್ಡ ಸುಳ್ಳು. ಆರಂಭದಲ್ಲಿ ಒಂದೇ ದಾರಿಯನ್ನು ತೋರಿಸು. ಕೋಟೆ ಕಟ್ಟಿದಂತೆಲ್ಲ ಉಳಿದ ದಾರಿಗಳು ಒಂದೊಂದಾಗಿ ಕಾಣಿಸಿಕೊಳ್ಳಲಿ. ಆಗ ಅಂಕವನ್ನು ಎಣಿಸದೆ ಅವನೇ ನಿರ್ಧರಿಸಲಿ, ಇಟ್ಟುಕೊಳ್ಳುವುದೋ ಬಿಡುವುದೋ. ದೂರವಾಣಿಯಲ್ಲಿ ಸ್ವಲ್ಪ ಹೊತ್ತು ಮೌನ. ಮಾಡಬಹುದು ಎಂದನು. ಆದರೆ ಆಟ ೧೧೦೯ಕ್ಕೇ ಮುಗಿದು, ಗೆದ್ದೆಯೆಂದಾಗಲಿ ಸೋತೆಯೆಂದಾಗಲಿ ಹೇಳದಿದ್ದರೆ ಕೊಳ್ಳುವವರು ಯಾರು ಎಂದು ಅವನ ಗೆಳೆಯರು ಕೇಳುತ್ತಿದ್ದಾರೆ. ಅವರು ಉಳಿತಾಯದ ಹಣ ಹಾಕಿ ಮಾಡುತ್ತಿರುವ ಕೆಲಸ, ಕೇಳುವುದು ತಪ್ಪಲ್ಲ.

ಈ ನಡುವೆ ನನ್ನ ನಾಲ್ಕು ಸಾಲು ಉಳಿದೇ ಇದೆ. ಜುರ್ಚೆನರ ಕಡೆಯಿಂದ ಒಂದು ಮಾತನ್ನಾದರೂ ಕೇಳಿ ಬರೆಯಬೇಕೆಂಬ ಹಟ ನನ್ನದು. ಅವರು ತಮ್ಮ ಭಾಷೆಗೆ ಲಿಪಿ ಮಾಡಿಕೊಂಡದ್ದೇ ೧೧೧೯ರ ಸುಮಾರಿಗೆ. ಆದ್ದರಿಂದ ಒಂಬತ್ತು ಕೋಟೆಗಳ ಕಾಲದ ಅವರ ಬರಹ ಒಂದಕ್ಷರವೂ ಇಲ್ಲ. ಕೊರಿಯದ ಈಶಾನ್ಯದಲ್ಲಿ ದೊರೆತ ಜುರ್ಚೆನ್ ಶಾಸನವೊಂದು ಸಿಯೋಲ್‌ನ ವಸ್ತುಸಂಗ್ರಹಾಲಯದಲ್ಲಿದೆಯೆಂದು ಓದಿ, ಶಾಸನಗಳನ್ನು ಓದಿಸಿ ಹೊಟ್ಟೆ ಹೊರೆಯುವ ನನಗೆ ಒಮ್ಮೆ ಆ ಕಲ್ಲನ್ನು ನೋಡುವ ಆಸೆಯಾಗಿದೆ.

ಕಡೆಗೆ ದೊರೆತದ್ದು ಜಿನ್ನರ ಚರಿತ್ರೆಯಲ್ಲಿ ಬರುವ ಒಂದು ಐತಿಹ್ಯ. ಹದಿನಾಲ್ಕನೆಯ ಶತಮಾನದಲ್ಲಿ, ಜಿನ್ನರು ಅಳಿದ ಮೇಲೆ ಸಂಕಲಿತವಾದ ಗ್ರಂಥವದು. ವಾನ್ಯನರ ಮೂಲಪುರುಷ ಹಾನ್‌ಪು ಎಂಬಾತನು ಗೊರ್ಯೊದಿಂದ ಬಂದವನಂತೆ. ಬಂದಾಗಲೇ ಅರವತ್ತು ದಾಟಿತ್ತು. ಅಲ್ಲಿ ಎರಡು ಮನೆತನಗಳ ನಡುವೆ ಕೊಲೆಗೆ ಕೊಲೆಯೆಂಬ ಜಗಳ ಬಹುಕಾಲದಿಂದ ನಡೆದಿತ್ತು. ಕೊಂದವನ ಮನೆಯವರು ಒಬ್ಬ ಆಳನ್ನೂ ಕುದುರೆ, ಹಸು, ಚಿನ್ನಗಳನ್ನೂ ತೆತ್ತರೆ ಸೇಡು ಅಲ್ಲಿಗೆ ತೀರಬೇಕೆಂದು ಈ ಮುದುಕನು ಕಟ್ಟಳೆ ಮಾಡಿ ಜಗಳ ನಿಲ್ಲಿಸಿದನು. ಜನರು ಮೆಚ್ಚಿ ಒಂದು ಎತ್ತನ್ನು ಕೊಟ್ಟು, ಅರವತ್ತು ವರ್ಷದ ಒಬ್ಬ ಹೆಂಗಸನ್ನು ಮದುವೆ ಮಾಡಿಕೊಟ್ಟರು. ಅವರ ಸಂತತಿಯೇ ಅಗುದ.

ಇದನ್ನೇ ನಾಲ್ಕು ಸಾಲು ಮಾಡಿ ಕಳುಹಿಸಿದೆ. ಬುಡಕಟ್ಟು, ಗಣ, ಸಾಮಂತ ಯಾವ ಶಬ್ದವೂ ಬೇಕಾಗಲಿಲ್ಲ. ನಿನ್ನೆ ಅವನ ಉತ್ತರ ಬಂದಿದೆ. ಸಾಲುಗಳು ಎಲ್ಲರಿಗೂ ಹಿಡಿಸಿದುವಂತೆ. ಚಿತ್ರಕಾರನೊಬ್ಬನು ಮಾತ್ರ ಆ ಮುದುಕನಿಗೆ ನೀಲಿಯ ಅಂಗಿ ತೊಡಿಸಲೋ ಕಂದಿನದೋ ಎಂದು ಕೇಳುತ್ತಿದ್ದಾನಂತೆ.