ಗಿಡದ ಈಸ್ಟ್ರೋಜೆನ್: ನಂಬಿದ್ದೇನು, ಕಂಡದ್ದೇನು

ಸೋಯಾ ತಿಂದರೆ ಗಂಡಸರಿಗೆ ಎದೆ ಬೆಳೆಯುತ್ತದೆ ಎಂಬ ಹೆದರಿಕೆ ಜಿಮ್‌ಗೆ ಹೋಗುವ ಹುಡುಗರಲ್ಲಿದೆ. ಅದೇ ಸೋಯಾ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಕಳೆದುಹೋದ ಹಾರ್ಮೋನನ್ನು ಮರಳಿ ಕೊಡುತ್ತದೆ ಎಂಬ ಭರವಸೆಯೂ ಇದೆ. ಗಿಡದೊಳಗೆ ಈಸ್ಟ್ರೋಜೆನ್ ಸಿದ್ಧವಾಗಿದೆ, ತಿಂದವರ ಮೈಯಲ್ಲಿ ಅದು ಹಾಗೇ ಕೆಲಸಕ್ಕಿಳಿಯುತ್ತದೆ ಎಂಬ ಒಂದೇ ತಪ್ಪು ಕಲ್ಪನೆಯಿಂದ ಈ ಎರಡೂ ಹುಟ್ಟಿವೆ.

ಸೋಯಾದಲ್ಲಿರುವುದು ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೊಫ್ಲೇವೋನ್‌ಗಳು. ನಮ್ಮ ಈಸ್ಟ್ರೋಜೆನ್‌ನಂತೆ ಇವು ಸ್ಟೆರಾಯ್ಡ್‌ಗಳಲ್ಲ. ಆಕಾರದಲ್ಲಿ ಅಲ್ಪಸ್ವಲ್ಪ ಹೋಲಿಕೆ ಇರುವುದರಿಂದ ನಮ್ಮ ಜೀವಕೋಶಗಳ ಈಸ್ಟ್ರೋಜೆನ್ ಗ್ರಾಹಕಗಳಿಗೆ ಅಂಟಿಕೊಳ್ಳಬಲ್ಲವು, ಅಷ್ಟೆ. ಆ ಗ್ರಾಹಕ ಒಂದೇ ಬಗೆಯದು ಎಂದು ಬಹುಕಾಲ ಅಂದುಕೊಂಡಿದ್ದರು. 1996ರಲ್ಲಿ ಸ್ವೀಡನ್ನಿನ ಯಾನ್-ಓಕೆ ಗುಸ್ತಾಫ್‌ಸನ್ ಅವರ ತಂಡ ಬೀಟಾ ಎಂಬ ಎರಡನೆಯದನ್ನು ಪತ್ತೆ ಮಾಡಿತು. ಜೆನಿಸ್ಟೀನ್‌ಗೆ ಒಲವಿರುವುದು ಈ ಬೀಟಾದ ಕಡೆಗೆ. ಎರಡು ಬಗೆಯ ಗ್ರಾಹಕಗಳ ಪ್ರಮಾಣ ಅಂಗದಿಂದ ಅಂಗಕ್ಕೆ ಬೇರೆಯಾದ್ದರಿಂದ ಎಲ್ಲ ಅಂಗಗಳಲ್ಲೂ ಅದರ ಪರಿಣಾಮ ಒಂದೇ ತೆರನಾಗಿರುವುದಿಲ್ಲ.

ಹಾಗೆಂದು ಇವು ನಿರುಪದ್ರವಿಗಳು ಎನ್ನುವಂತಿಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಹುಲ್ಲು ಮೇಯ್ದ ಕುರಿಗಳು ಗಬ್ಬ ಕಟ್ಟುವುದು ತೀರಾ ಕಡಿಮೆಯಾಯಿತು. ಪಶುವೈದ್ಯ ವಿಜ್ಞಾನಿ ಬೆನೆಟ್ಸ್ ಮತ್ತು ಸಂಗಡಿಗರು 1946ರಲ್ಲಿ ಇದನ್ನು ವರದಿ ಮಾಡಿದರು. ಕ್ಲೋವರ್‌ನಲ್ಲಿದ್ದ ಫಾರ್ಮೊನೊನೆಟಿನ್ ಎಂಬ ಐಸೊಫ್ಲೇವೋನ್ ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ, ಈಸ್ಟ್ರೋಜೆನ್‌ನಂತೆ ವರ್ತಿಸುವ ಈಕ್ವಾಲ್ ಎಂಬ ವಸ್ತುವಾಗುತ್ತದೆ ಎಂಬುದು ಮುಂದೆ ತಿಳಿಯಿತು.

ಈ ಈಕ್ವಾಲ್ ಮನುಷ್ಯರ ಮೂತ್ರದಲ್ಲೂ ಕಂಡಾಗ ಅದರ ಬೆನ್ನು ಹತ್ತಿದವರು ಬ್ರಿಟನ್ನಿನಲ್ಲಿ ಸಂಶೋಧನೆ ಆರಂಭಿಸಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮುಂದುವರಿಸಿದ ಕೆನೆತ್ ಸೆಚೆಲ್. ಅದು ಸೋಯಾದ ಆಹಾರದಿಂದ ಬರುತ್ತದೆ ಎಂದು 1984ರಲ್ಲಿ ತೋರಿಸಿದರು. ಮೂರು ವರ್ಷದ ನಂತರ ಅವರ ಗಮನ ಮೃಗಾಲಯದ ಚೀತಾಗಳ ಕಡೆ ತಿರುಗಿತು. ಬೋನಿನಲ್ಲಿ ಅವು ಮರಿ ಹಾಕುವುದೇ ಅಪರೂಪವಾಗಿತ್ತು, ಅನೇಕವು ಯಕೃತ್ತಿನ ಕಾಯಿಲೆಯಿಂದ ನರಳುತ್ತಿದ್ದವು. ಸಿದ್ಧ ಆಹಾರದಲ್ಲಿ ಬೆರೆಸಿದ್ದ ಸೋಯಾವೇ ಇದಕ್ಕೆ ಬಹುಶಃ ಕಾರಣ ಎಂದು ಸೆಚೆಲ್ ತಂಡ ಬರೆಯಿತು. ಇಂಥ ಸಂಯುಕ್ತಗಳನ್ನು ಹೊರಹಾಕುವ ಶಕ್ತಿ ಬೆಕ್ಕಿನ ಕುಲದ ಪ್ರಾಣಿಗಳಿಗೆ ಕಡಿಮೆ.

ಕುರಿ, ಚೀತಾಗಳಿಗೆ ಆದದ್ದು ನಮಗೂ ಆಗುತ್ತದೆಯೇ? ಸೆಚೆಲ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಇರುವುದು ಇಲ್ಲೇ. ಒಂದೇ ಸೋಯಾ ತಿಂದರೂ ಎಲ್ಲರ ಕರುಳೂ ಈಕ್ವಾಲ್ ತಯಾರಿಸುವುದಿಲ್ಲ. ಜಪಾನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಪಾಶ್ಚಾತ್ಯರಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಜನ ಮಾತ್ರ ತಯಾರಿಸಬಲ್ಲರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ಬೆವರುವ ತೊಂದರೆಗೆ ಸೋಯಾ ಕೊಟ್ಟ ಪ್ರಯೋಗಗಳ ಫಲಿತಾಂಶ ಅಡ್ಡಾದಿಡ್ಡಿಯಾಗಲು ಇದೂ ಒಂದು ಕಾರಣವಿರಬಹುದು ಎಂದು ಅವರು ವಾದಿಸಿದರು. ಪಕ್ಕದ ಮನೆಯವರಿಗೆ ಗುಣ ಕೊಟ್ಟದ್ದು ನಿಮಗೆ ಕೊಡದಿದ್ದರೆ ಅದು ನಿಮ್ಮ ತಪ್ಪಲ್ಲ.

ಗಂಡಸರ ಹೆದರಿಕೆಗೂ ಉತ್ತರವಿದೆ. ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ, ಮತ್ತೆ 2021ರಲ್ಲಿ ನಡೆದ ವಿಶ್ಲೇಷಣೆಗಳಲ್ಲಿ ಸೋಯಾದಿಂದ ಟೆಸ್ಟೊಸ್ಟಿರಾನ್ ಕುಗ್ಗಿದ್ದು ಕಾಣಲಿಲ್ಲ. ಎದೆ ಊದಿಕೊಂಡ ವ್ಯಕ್ತಿಯೊಬ್ಬರ ಪ್ರಕರಣ 2008ರಲ್ಲಿ ದಾಖಲಾಗಿದ್ದು ನಿಜ. ಅವರು ದಿನಕ್ಕೆ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು. ಬಿಟ್ಟ ಮೇಲೆ ಸರಿಹೋಯಿತು. ವಾರಕ್ಕೊಮ್ಮೆ ಸೋಯಾ ಚಂಕ್ಸ್ ಪಲ್ಯ ತಿನ್ನುವವರಿಗೆ ಈ ಕತೆ ಅನ್ವಯಿಸದು.

ಗಿಡದ ಈಸ್ಟ್ರೋಜೆನ್ ಸೋಯಾದಲ್ಲಷ್ಟೇ ಇಲ್ಲ; ನಮ್ಮ ಉತ್ತರ ಕರ್ನಾಟಕದ ಅಗಸಿ ಬೀಜದಲ್ಲಿರುವುದು ಲಿಗ್ನಾನ್ ಎಂಬ ಬೇರೆ ಗುಂಪು. ಅದನ್ನೂ ಕರುಳಿನ ಬ್ಯಾಕ್ಟೀರಿಯಾಗಳೇ ಎಂಟರೊಲ್ಯಾಕ್ಟೋನ್ ಆಗಿ ಮಾರ್ಪಡಿಸಬೇಕು. ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಅದರ ಮಟ್ಟ ಇಳಿಯುತ್ತದೆ. ಇಡೀ ಬೀಜ ನುಂಗಿದರೆ ಬಹುಪಾಲು ಹಾಗೇ ಹೊರಹೋಗುತ್ತದೆ. ಹುರಿದು ಕುಟ್ಟಿದ ಅಗಸಿ ಚಟ್ನಿಯೇ ಮೇಲು.

ಕಾಡುಗೆಣಸಿನ ಕ್ರೀಮು ಹಚ್ಚಿದರೆ ಪ್ರೊಜೆಸ್ಟಿರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನು ಸಿಗುತ್ತದೆ ಎಂದು ನಂಬುವವರಿದ್ದಾರೆ. 1940ರ ದಶಕದಲ್ಲಿ ರಸಾಯನವಿಜ್ಞಾನಿ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟಿರಾನ್ ತಯಾರಿಸಿದ್ದು ಹೌದು, ಆದರೆ ಅದು ಆದದ್ದು ಪ್ರಯೋಗಾಲಯದಲ್ಲಿ, ಹಂತಹಂತದ ರಾಸಾಯನಿಕ ಕ್ರಿಯೆಗಳಿಂದ. ನಮ್ಮ ದೇಹಕ್ಕೆ ಆ ಕೆಲಸ ಬಾರದು. ಮೆಂತ್ಯದಲ್ಲೂ ಡಯೋಸ್ಜೆನಿನ್ ಇದೆ, ಅಲ್ಲೂ ಇದೇ ಮಾತು.

ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಎನ್ನುವುದಂತೂ ಜೀವಕ್ಕೇ ಕುತ್ತು ತರಬಲ್ಲ ಮಾತು. ಪಿಸಿ-ಸ್ಪೆಸ್ ಎಂಬ ಎಂಟು ಮೂಲಿಕೆಗಳ ಮಿಶ್ರಣವನ್ನು ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು ನುಂಗುತ್ತಿದ್ದರು. ಅದಕ್ಕೆ ಬಲವಾದ ಈಸ್ಟ್ರೋಜೆನ್ ಗುಣವಿದೆ ಎಂದು 1998ರಲ್ಲಿ ಪ್ರಕಟವಾಯಿತು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಅದರ ಕೆಲವು ಬ್ಯಾಚುಗಳಲ್ಲಿ ಡಿಇಎಸ್ ಎಂಬ ಕೃತಕ ಈಸ್ಟ್ರೋಜೆನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸಿಕ್ಕಿದ್ದವು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು, ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿರುವವರು, ಶತಾವರಿಯಾಗಲಿ ಬೇರೆ ಪುಡಿಯಾಗಲಿ ತಿನ್ನುತ್ತಿದ್ದರೆ, ಹೆಸರು ಹೇಳಿ ಸುಮ್ಮನಾಗದೆ ಡಬ್ಬಿಯನ್ನೇ ವೈದ್ಯರ ಮುಂದಿಡಬೇಕು.