ತನ್ನ ಹೊರೆಯನ್ನು ತಾನೇ ಹೊತ್ತ ಕಥೆಗಾರ

ಕಾದಂಬರಿಯೊಂದನ್ನು ಕೈಗೆತ್ತಿಕೊಂಡು ಒಳಪುಟವನ್ನು ತಿರುವಿದಾಗ, ಪ್ರಕಾಶಕರ ವಿಳಾಸವಿರಬೇಕಾದ ಕಡೆ ಲೇಖಕರ ಮನೆಯ ವಿಳಾಸವೇ ಇರುವುದನ್ನು ತಾವು ಎಷ್ಟೋ ಸಲ ಕಂಡಿರಬಹುದು. ಪ್ರಕಾಶನಕ್ಕೆ ಒಂದು ಹೆಸರೇನೋ ಇರುತ್ತದೆ. ಅದು ಮಗಳ ಹೆಸರೋ ಮನೆದೇವರ ಹೆಸರೋ ಆಗಿರುತ್ತದೆ. ಅದನ್ನು ಕಂಡೊಡನೆ ಸಾಹಿತ್ಯ ಬಲ್ಲವರ ತುಟಿಯ ಮೇಲೆ ಒಂದು ಸಣ್ಣ ನಗೆ ಸುಳಿಯುವುದುಂಟು. 'ಬೇರೆ ಯಾರೂ ಅಚ್ಚು ಹಾಕಿಸಲು ಮುಂದೆ ಬರಲಿಲ್ಲವೆಂದು ತೋರುತ್ತದೆ' ಎಂಬುದು ಆ ನಗೆಯ ತಾತ್ಪರ್ಯ. ಈ ನಗೆ ಎಷ್ಟರ ಮಟ್ಟಿಗೆ ನ್ಯಾಯವಾದದ್ದು? ಕಥೆ ಬರೆಯುವವನು ಅಚ್ಚು, ಕಾಗದ, ಕಟ್ಟು, ಮಾರಾಟ ಇವೆಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವುದೇಕೆ? ಹೊತ್ತುಕೊಂಡ ಮೇಲೆ ಅವನ ದಿನಗಳು ಹೇಗೆ ಕಳೆಯುತ್ತವೆ? ಈ ಪ್ರಶ್ನೆಗಳನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸ್ವಂತ ಪ್ರಕಾಶನವೆಂಬುದು ಸೋತವರ ದಾರಿ ಎಂಬ ಮಾತಿಗೆ ಸಾಹಿತ್ಯಚರಿತ್ರೆಯ ಆಧಾರವಿಲ್ಲ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ತನ್ನ ಮಹಾಕೃತಿಯ ಮೊದಲ ಸಂಪುಟವನ್ನು ಹಲವು ಪ್ರಕಾಶಕರಿಂದ ಮರಳಿ ಪಡೆದು, ಕೊನೆಗೆ 1913ರಲ್ಲಿ ತನ್ನದೇ ಖರ್ಚಿನಲ್ಲಿ ಹೊರತಂದ. ವರ್ಜೀನಿಯಾ ವುಲ್ಫ್ ಮತ್ತು ಅವಳ ಪತಿ 1917ರಲ್ಲಿ ಒಂದು ಕೈಯಚ್ಚಿನ ಯಂತ್ರವನ್ನು ಕೊಂಡು ಮನೆಯಲ್ಲಿಯೇ ಇರಿಸಿಕೊಂಡರು. ಮೊದಲು ಅಚ್ಚಾದದ್ದು ಇಬ್ಬರ ಒಂದೊಂದು ಕಥೆಯಿದ್ದ ಪುಟ್ಟ ಪುಸ್ತಕ. ಪ್ರತಿಗಳು ಸುಮಾರು 150. ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿದವಳು ಆ ಲೇಖಕಿಯೇ. 1922ರಿಂದ ಅವಳ ಕಾದಂಬರಿಗಳು ಅಲ್ಲಿಂದಲೇ ಹೊರಟವು. ಹಸ್ತಪ್ರತಿಯನ್ನು ಹಿಡಿದುಕೊಂಡು ಮತ್ತೊಬ್ಬ ಪ್ರಕಾಶಕರ ಮುಖ ನೋಡುವ ಅಗತ್ಯ ತಪ್ಪಿತು. ಕಾದಂಬರಿಯ ರೂಪವನ್ನೇ ಬದಲಿಸುವ ಧೈರ್ಯಕ್ಕೆ ಆ ಸ್ವಾತಂತ್ರ್ಯವೂ ಒತ್ತಾಸೆಯಾಯಿತು. ನಮ್ಮಲ್ಲಿಯೂ ಉದಾಹರಣೆಗಳಿಗೆ ಕೊರತೆಯಿಲ್ಲ. ಮಾಸ್ತಿಯವರ ಪುಸ್ತಕಗಳು ಅವರದೇ ಆದ ಜೀವನ ಕಾರ್ಯಾಲಯದಿಂದ ಹೊರಬಂದವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಎಂಬ ಹೆಸರಿನ ಮುದ್ರಣಾಲಯವನ್ನೇ ನಡೆಸಿ ತಮ್ಮ ಪುಸ್ತಕಗಳನ್ನು ಮುದ್ರಿಸಿದರು.

ಆದರೆ ಈ ಮಾರ್ಗದ ಕಷ್ಟವನ್ನೂ ಫಲವನ್ನೂ ಪೂರ್ಣವಾಗಿ ತಿಳಿಯಬೇಕಾದರೆ ನಾವು ಗಳಗನಾಥರ ಬಳಿಗೆ ಹೋಗಬೇಕು. ವೇಂಕಟೇಶ ತಿರಕೋ ಕುಲಕರ್ಣಿಯವರು ಹುಟ್ಟಿದ್ದು 1869ರಲ್ಲಿ. ಊರು ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥ. ಊರಿನ ಹೆಸರೇ ಅವರ ಹೆಸರಾಗಿ ಉಳಿಯಿತು. ವೃತ್ತಿಯಿಂದ ಶಾಲಾಮಾಸ್ತರರು. ಆ ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಸೀಮೆಯಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಓದು ಬಲ್ಲ ಕನ್ನಡಿಗರು ಮರಾಠಿ ಕಾದಂಬರಿಗಳನ್ನು ಓದಿ ತೃಪ್ತಿಪಡುತ್ತಿದ್ದರು. ಕನ್ನಡದಲ್ಲಿ ಓದಿಸಿಕೊಂಡು ಹೋಗುವ ಗದ್ಯಕಥೆಯೇ ವಿರಳವಾಗಿತ್ತು. ಕಥೆ ಬರೆದರೆ ಸಾಲದು, ಅದನ್ನು ಓದುವವರನ್ನೂ ಉಂಟುಮಾಡಬೇಕು ಎಂಬುದು ಅಂದಿನ ಪರಿಸ್ಥಿತಿ. 'ಪ್ರಬುದ್ಧ ಪದ್ಮನಯನೆ'ಯಿಂದ ಆರಂಭಿಸಿದ ಗಳಗನಾಥರು ಆ ಎರಡು ಕೆಲಸಗಳನ್ನೂ ಮೈಮೇಲೆ ಎಳೆದುಕೊಂಡರು.

1907ರಲ್ಲಿ ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಅದರ ಪುಟಗಳ ಮೂಲಕ ಗಳಗನಾಥರ ಬರಹ ಪ್ರತಿ ತಿಂಗಳೂ ಹಳ್ಳಿಯ ಮನೆಗಳನ್ನು ಮುಟ್ಟತೊಡಗಿತು. ಕಾದಂಬರಿಗೆ ಪತ್ರಿಕೆಯ ವರ್ಗಣಿಯೇ ಒಂದು ಬಗೆಯ ಮುಂಗಡ. ಪತ್ರಿಕೆ ಮುಟ್ಟದ ಕಡೆಗೆ ಅವರು ತಾವೇ ನಡೆದರು. ಪುಸ್ತಕಗಳ ಹೊರೆಯನ್ನು ಹೊತ್ತು ಊರಿಂದೂರಿಗೆ ತಿರುಗಿ, ಮನೆಮನೆಯ ಮುಂದೆ ನಿಂತು ಅವರು ಕಾದಂಬರಿ ಮಾರಿದ ಸಂಗತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಜನರ ಬಾಯಲ್ಲಿದೆ. 1942ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕನ್ನಡ ಕಾದಂಬರಿಯ ಪಿತಾಮಹರೆಂಬ ಗೌರವ ಅವರದಾಗಿತ್ತು.

ಈ ನಡಿಗೆಯನ್ನು ನಾವು ಸಾಮಾನ್ಯವಾಗಿ ತ್ಯಾಗವೆಂದು ವರ್ಣಿಸುತ್ತೇವೆ. ತ್ಯಾಗವೇನೋ ಹೌದು. ಆದರೆ ಅದರಲ್ಲಿ ಒಂದು ಲಾಭವೂ ಇತ್ತೆಂಬುದು ನನ್ನ ಅಭಿಪ್ರಾಯ. ಪುಸ್ತಕ ಹೊತ್ತು ಜಗುಲಿಯ ಮುಂದೆ ನಿಂತವನಿಗೆ ಓದುಗನ ಮುಖ ಕಾಣುತ್ತದೆ. ಹೋದ ವರ್ಷ ಕೊಂಡ ಪುಸ್ತಕವನ್ನು ಮನೆಯ ಹೆಂಗಸರು ಮುಗಿಸಿದರೋ ನಡುವೆ ಬಿಟ್ಟರೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಎರಡನೆಯ ಪುಸ್ತಕವನ್ನು ಕೊಳ್ಳದೆ ಬಾಗಿಲು ಹಾಕಿಕೊಂಡರೆ ಅದೂ ಒಂದು ವಿಮರ್ಶೆಯೇ. ಬೇರೆ ಲೇಖಕರಿಗೆ ಸಂಪಾದಕನೊಬ್ಬ ಮಾಡುವ ಕೆಲಸವನ್ನು ಗಳಗನಾಥರಿಗೆ ಆ ದಾರಿಯೇ ಮಾಡಿಕೊಟ್ಟಿರಬೇಕು.

ಇನ್ನು ದಿನಚರಿಯ ಮಾತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಜಿಲ್ಲಾ ಕೇಂದ್ರದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರೊಬ್ಬರಿದ್ದರು. ಅವರು ಬರೆದ ಕಾದಂಬರಿಗಳು ಒಂಬತ್ತು. ಒಂಬತ್ತನ್ನೂ ತಾವೇ ಪ್ರಕಟಿಸಿದರು. ಅವರ ಜೊತೆ ನನಗೆ ಹಲವು ವರ್ಷಗಳ ಒಡನಾಟವಿತ್ತಾದ್ದರಿಂದ ಈ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆಯಿತು.

ಅವರು ಬರೆಯುತ್ತಿದ್ದುದು ನಸುಕಿನ ನಾಲ್ಕೂವರೆಯಿಂದ ಏಳರವರೆಗೆ. ಹಗಲು ಶಾಲೆಗೆ ಮೀಸಲು. ಸಂಜೆ ಐದಕ್ಕೆ ಶಾಲೆ ಬಿಟ್ಟರೆ ನೇರವಾಗಿ ಮುದ್ರಣಾಲಯಕ್ಕೆ ನಡೆಯುವರು. ಅದು 1980ರ ದಶಕ. ಸಣ್ಣ ಊರಿನ ಅಚ್ಚುಕೂಟಗಳಲ್ಲಿ ಇನ್ನೂ ಸೀಸದ ಮೊಳೆಗಳ ಕಾಲ. ಕನ್ನಡದ ಒತ್ತಕ್ಷರಗಳ ಕಾರಣ ಮೊಳೆಯ ಪೆಟ್ಟಿಗೆಯಲ್ಲಿ ಮನೆಗಳು ಹೆಚ್ಚು, ಒಂದೊಂದು ಮನೆಯಲ್ಲಿ ಮೊಳೆಗಳು ಕಡಿಮೆ. ಇಡೀ ಪುಸ್ತಕವನ್ನು ಒಮ್ಮೆಗೇ ಜೋಡಿಸಿಡುವಷ್ಟು ಮೊಳೆ ಯಾವ ಸಣ್ಣ ಮುದ್ರಣಾಲಯದಲ್ಲಿಯೂ ಇರುತ್ತಿರಲಿಲ್ಲ. ಹದಿನಾರು ಪುಟಗಳ ಒಂದು ಫಾರಂ ಜೋಡಿಸಿ, ಕರಡಚ್ಚು ತೆಗೆದು, ತಿದ್ದಿ, ಮುದ್ರಿಸಿ, ಆ ಮೊಳೆಗಳನ್ನು ಬಿಚ್ಚಿ ಹಾಕಿದ ಮೇಲೆಯೇ ಮುಂದಿನ ಫಾರಂ. ಆದ್ದರಿಂದ ಲೇಖಕರು ಒಂದು ಸಂಜೆ ತಪ್ಪಿಸಿದರೆ ಅಲ್ಲಿ ಎಲ್ಲ ಕೆಲಸವೂ ನಿಲ್ಲುತ್ತಿತ್ತು. ಮುದ್ರಣಾಲಯದವರು ಮದುವೆಯ ಕರೆಯೋಲೆಗಳನ್ನು ಕೈಗೆತ್ತಿಕೊಂಡುಬಿಡುತ್ತಿದ್ದರು. ಲಗ್ನದ ತಿಂಗಳುಗಳಲ್ಲಿ ಕಾದಂಬರಿಗೆ ಎರಡನೆಯ ಸ್ಥಾನ!

ಕಾಗದದ ಲೆಕ್ಕವೂ ಅವರದೇ. ಡೆಮಿ ಅಷ್ಟಮ ಅಳತೆಯಲ್ಲಿ ಒಂದು ಹಾಳೆಗೆ ಹದಿನಾರು ಪುಟ. 200 ಪುಟದ ಕಾದಂಬರಿಗೆ ಹನ್ನೆರಡೂವರೆ ಹಾಳೆ; 1000 ಪ್ರತಿಗಳಿಗೆ 12,500 ಹಾಳೆ, ಎಂದರೆ 25 ರೀಮು. ಹಾಳಾಗುವ ಕಾಗದ, ರಕ್ಷಾಪುಟ, ಹೊಲಿಗೆ ಇವು ಬೇರೆ. ಈ ಹಣವೆಲ್ಲವೂ ಮೊದಲೇ ಕೈಬಿಡತಕ್ಕದ್ದು. ಮರಳಿ ಬರುವುದಾದರೆ ವರ್ಷಗಳ ಮೇಲೆ, ಚಿಲ್ಲರೆ ಚಿಲ್ಲರೆಯಾಗಿ. ಅಂಗಡಿಯವರು ಮುಖಬೆಲೆಯ ಮೂರನೆಯ ಒಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಸೋಡಿಯಾಗಿ ಹಿಡಿಯುವರು. ಉಳಿದದ್ದನ್ನು ಮಾರಾಟವಾದ ಮೇಲೆ ಕೊಡುವರು. ಗ್ರಂಥಾಲಯಗಳ ಸಗಟು ಖರೀದಿಯ ಪಟ್ಟಿಯಲ್ಲಿ ಹೆಸರು ಬಂದರೆ ಕಾಗದದ ಸಾಲ ತೀರುತ್ತಿತ್ತು. ಬಾರದ ವರ್ಷ ಪುಸ್ತಕದ ಕಟ್ಟುಗಳು ಅಟ್ಟವನ್ನು ಸೇರಿ, ಗೆದ್ದಲಿನ ಭಯದಿಂದ ಮಳೆಗಾಲಕ್ಕೊಮ್ಮೆ ಕೆಳಗಿಳಿಯುತ್ತಿದ್ದವು.

ಈ ಉದ್ಯಮದಲ್ಲಿ ಹೆಸರಿಲ್ಲದ ಪಾಲುದಾರರೊಬ್ಬರು ಇದ್ದೇ ಇರುತ್ತಾರೆ, ಅವರು ಮನೆಯಾಕೆ. ರಷ್ಯದ ದಾಸ್ತೊಯೆವ್‌ಸ್ಕಿಯ ವಿಷಯದಲ್ಲಿ ಆ ಹೆಸರು ಚರಿತ್ರೆಯಲ್ಲಿ ಉಳಿದಿದೆ. 1873ರಲ್ಲಿ ಅವನ 'ಪಿಶಾಚಿಗಳು' ಎಂಬ ಕಾದಂಬರಿಯನ್ನು ದಂಪತಿಗಳು ತಾವೇ ಪ್ರಕಟಿಸಿ ಮನೆಯಿಂದಲೇ ಮಾರಿದರು. ಕಾಗದ, ಮುದ್ರಣ, ಸೋಡಿ, ಅಂಗಡಿಯವರೊಡನೆ ಚೌಕಾಶಿ ಎಲ್ಲವನ್ನೂ ನೋಡಿಕೊಂಡವಳು ಪತ್ನಿ ಅನ್ನಾ. ಪುಸ್ತಕ ಕೊಳ್ಳಲು ಬಂದ ಆಳುಗಳು 'ಹತ್ತು ಪಿಶಾಚಿ ಕೊಡಿ' ಎಂದು ಕೇಳುತ್ತಿದ್ದರಂತೆ. ಅದನ್ನು ಕೇಳಿದ ಮುದಿ ದಾದಿ, ಈ ಪಿಶಾಚಿಗಳು ಮನೆಗೆ ಬಂದಾಗಿನಿಂದ ಮಗು ನಿದ್ದೆ ಮಾಡುತ್ತಿಲ್ಲವೆಂದು ದೂರಿದಳಂತೆ. ಅನ್ನಾ ತನ್ನ ನೆನಪುಗಳಲ್ಲಿ ಇದನ್ನು ನಗುತ್ತ ಬರೆದಿದ್ದಾಳೆ. ಆದರೆ ಸಾಲಗಾರನಾಗಿದ್ದ ಗಂಡನನ್ನು ಪ್ರಕಾಶಕರ ಹಂಗಿನಿಂದ ಬಿಡಿಸಿದ್ದು ಆ ವ್ಯಾಪಾರವೇ.

ನಮ್ಮ ಉಪಾಧ್ಯಾಯರ ಮನೆಯಲ್ಲಿಯೂ ಹಾಗೆಯೇ. ಅವರ ಪತ್ನಿ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಇಟ್ಟಿದ್ದರು. ಯಾರಿಗೆ ಎಷ್ಟು ಪ್ರತಿ ಹೋಯಿತು, ಹಣ ಬಂತೇ ಇಲ್ಲವೇ ಎಂಬುದು ಒಂದು ಬದಿಯಲ್ಲಿ. ಇನ್ನೊಂದು ಬದಿಯಲ್ಲಿ, ಓದಲು ಕೊಂಡೊಯ್ದ ನೆರೆಹೊರೆಯ ಹೆಣ್ಣುಮಕ್ಕಳು ಪುಸ್ತಕ ಹಿಂದಿರುಗಿಸುವಾಗ ಆಡಿದ ಮಾತು, ಒಂದೋ ಎರಡೋ ಸಾಲಿನಲ್ಲಿ. ಒಂದು ಕಾದಂಬರಿಯಲ್ಲಿ ಆಸ್ತಿಯ ವ್ಯಾಜ್ಯದ ಅಧ್ಯಾಯ ನಲವತ್ತು ಪುಟ ಹಬ್ಬಿತ್ತು. ಆ ಲೆಕ್ಕದ ಪುಸ್ತಕದಲ್ಲಿ ಐದು ಮಂದಿಯ ಹೆಸರಿನ ಎದುರಿಗೆ 'ಕೋರ್ಟಿನ ಭಾಗ ಬಿಟ್ಟು ಓದಿದರು' ಎಂದಿತ್ತು. ಎರಡನೆಯ ಮುದ್ರಣದಲ್ಲಿ ಆ ಅಧ್ಯಾಯ ಹನ್ನೊಂದು ಪುಟಕ್ಕೆ ಇಳಿಯಿತು. ಯಾವ ವಿಮರ್ಶಕನೂ ಅಷ್ಟು ಖಚಿತವಾಗಿ ಹೇಳಿರಲಾರ.

ಹಸ್ತಪ್ರತಿಯನ್ನು ಅವರು ನನಗೂ ಕೊಡುತ್ತಿದ್ದರು. ಅವರ ಕೋರಿಕೆ ವಿಚಿತ್ರವಾಗಿತ್ತು. 'ಅಭಿಪ್ರಾಯ ಬೇಡ ಸಾರ್. ಓದುತ್ತ ಓದುತ್ತ ಎಲ್ಲಿ ಪುಸ್ತಕ ಮುಚ್ಚಿ ಎದ್ದುಹೋಗಬೇಕೆನಿಸಿತೋ ಅಲ್ಲಿ ಒಂದು ಗೆರೆ ಎಳೆದುಕೊಡಿ, ಸಾಕು' ಎನ್ನುತ್ತಿದ್ದರು. ಮೊದಲ ಕಾದಂಬರಿಯಲ್ಲಿ ನಾನು ಎಳೆದ ಗೆರೆಗಳು ಹದಿನೇಳು. ಅವರು ಬೇಸರಪಡಲಿಲ್ಲ. ಆರು ತಿಂಗಳು ಮುದ್ರಣವನ್ನು ಮುಂದೂಡಿದರು.

ಹಾಗಾದರೆ ಇಷ್ಟೆಲ್ಲ ಕಷ್ಟದ ಪ್ರೇರಣೆಯೇನು? ಹಣವಲ್ಲವೆಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಕೀರ್ತಿಯೆನ್ನೋಣವೇ? ಒಂದು ಜಿಲ್ಲೆಯ ಆಚೆ ಅವರ ಹೆಸರು ಹೋಗಲಿಲ್ಲ. ಪ್ರಕಾಶಕರ ಮೇಲಿನ ಮುನಿಸೂ ಅಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ಐದನೆಯ ಕಾದಂಬರಿಯನ್ನು ಕೇಳಿದಾಗ ಅವರು ಕೊಡಲಿಲ್ಲ. ಕಾರಣ ಕೇಳಿದ್ದಕ್ಕೆ, 'ಓದಿದವರು ಯಾರೆಂದು ಆಮೇಲೆ ನನಗೆ ತಿಳಿಯುವುದಿಲ್ಲವಲ್ಲ' ಎಂದರು. ಈ ಉತ್ತರದಲ್ಲಿ ಈ ಬಗೆಯ ಲೇಖಕರ ಮನಸ್ಸೆಲ್ಲ ಅಡಗಿದೆ. ಕಥೆ ಹೇಳುವುದು ಮೂಲತಃ ಇಬ್ಬರ ನಡುವಿನ ವ್ಯವಹಾರ. ಹರಿಕಥೆಯ ದಾಸರಿಗೆ, ತಾಳಮದ್ದಳೆಯ ಅರ್ಥಧಾರಿಗೆ ಕೇಳುವವರು ಎದುರಿಗೇ ಇರುತ್ತಾರೆ. ಅಚ್ಚಿನ ಯಂತ್ರ ಬಂದು ಹೇಳುವವನನ್ನೂ ಕೇಳುವವನನ್ನೂ ದೂರ ಮಾಡಿತು. ತನ್ನ ಪುಸ್ತಕವನ್ನು ತಾನೇ ಕಟ್ಟಿ, ವಿಳಾಸ ಬರೆದು, ಅಂಚೆಗೆ ಹಾಕುವ ಲೇಖಕ ಆ ದೂರವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಲು ಹೆಣಗುತ್ತಾನೆ.

ಇದರಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಪ್ರಕಾಶಕನ ದೊಡ್ಡ ಉಪಕಾರವೆಂದರೆ 'ಇದು ಆಗದು' ಎನ್ನುವುದು. ತಾನೇ ಪ್ರಕಾಶಕನಾದವನಿಗೆ ಆ ಮಾತು ಹೇಳುವವರಿಲ್ಲ. ಎದುರಿಗೆ ನಿಂತವರೆಲ್ಲ ಬಂಧುಗಳು, ಸಹೋದ್ಯೋಗಿಗಳು, ಶಿಷ್ಯರು. ಪುಸ್ತಕವನ್ನು ಸಂಕೋಚಕ್ಕೆ ಕೊಳ್ಳುತ್ತಾರೆ, ಸಂಕೋಚಕ್ಕೆ ಹೊಗಳುತ್ತಾರೆ. ಹಾಗೆ ಹೊಗಳಿಕೆಯಲ್ಲಿ ಮುಳುಗಿ, ವರ್ಷಕ್ಕೊಂದು ಕೃತಿ ಹೊರಡಿಸಿ, ಸಾಲಕ್ಕೆ ಸಿಕ್ಕಿ, ಮನೆಯವರಿಗೂ ಬೇಡವಾದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಪ್ರತಿಭೆ ಇರಲಿಲ್ಲವೆಂದಲ್ಲ. ಗೆರೆ ಎಳೆಯುವವರು ಇರಲಿಲ್ಲ.

ಈಗ ಕಾಲ ಬದಲಾಗಿದೆ. ಸೀಸದ ಮೊಳೆಗಳು ತೂಕಕ್ಕೆ ಮಾರಾಟವಾಗಿಹೋದವು. ಲೇಖಕರು ಗಣಕಯಂತ್ರದಲ್ಲಿ ತಾವೇ ಅಕ್ಷರ ಜೋಡಿಸುತ್ತಾರೆ. ಬೇಡಿಕೆಯಿದ್ದಷ್ಟೇ, ಐವತ್ತೋ ನೂರೋ ಪ್ರತಿಗಳನ್ನು ಮುದ್ರಿಸಿಕೊಳ್ಳುವ ಅನುಕೂಲವಿದೆ. ಕಾಗದವೇ ಇಲ್ಲದೆ ಓದುವ ಪುಸ್ತಕಗಳೂ ಇವೆ. 25 ರೀಮು ಕಾಗದದ ಸಾಲ ಈಗ ಯಾರನ್ನೂ ಹೆದರಿಸಬೇಕಾಗಿಲ್ಲ. ಇದು ಸಂತೋಷದ ವಿಷಯ. ಆದರೆ ಹಿಂದೆ ಆ ಹೊರೆಯ ಭಾರವೇ ಲೇಖಕನನ್ನು ತಡೆದು, 'ಈ ಕಥೆ ಇಷ್ಟು ಕಾಗದಕ್ಕೆ ತಕ್ಕದ್ದೇ?' ಎಂದು ಕೇಳುತ್ತಿತ್ತು. ಭಾರ ಇಳಿದಿದೆ, ಪ್ರಶ್ನೆಯನ್ನು ಈಗ ಲೇಖಕನೇ ಕೇಳಿಕೊಳ್ಳಬೇಕಾಗಿದೆ. ಅದಕ್ಕೆ ಅವನಿಗೆ ಓದುಗರ ನೆರವು ಮೊದಲಿಗಿಂತ ಹೆಚ್ಚಾಗಿ ಬೇಕು.

ಆದ್ದರಿಂದ ಒಳಪುಟದಲ್ಲಿ ಲೇಖಕರ ಮನೆಯ ವಿಳಾಸವನ್ನು ಕಂಡಾಗ ನಗುವುದನ್ನು ಬಿಟ್ಟು, ತಾವು ಕನಿಷ್ಠ ಇಪ್ಪತ್ತು ಪುಟ ಓದಬೇಕೆಂದು ನನ್ನ ವಿನಂತಿ. ಮೆಚ್ಚಿಗೆಯಾದರೆ ಹಣ ಕೊಟ್ಟು ಕೊಳ್ಳಿ. ಪುಕ್ಕಟೆ ಪ್ರತಿಯನ್ನು ನಿರೀಕ್ಷಿಸಬೇಡಿ. ಮೆಚ್ಚಿಗೆಯಾಗದಿದ್ದರೆ, ಓದು ಯಾವ ಪುಟದಲ್ಲಿ ನಿಂತಿತೆಂದು ಅದೇ ವಿಳಾಸಕ್ಕೆ ನಾಲ್ಕು ಸಾಲು ಬರೆದು ತಿಳಿಸಿ. ಹೊಗಳಿಕೆಗಿಂತ ಆ ನಾಲ್ಕು ಸಾಲು ಅವರ ಮುಂದಿನ ಪುಸ್ತಕಕ್ಕೆ ಹೆಚ್ಚು ಉಪಯೋಗಕ್ಕೆ ಬಂದೀತು.